ಕಿವಿನೋವು ಅಂದುಕೊಂಡದ್ದು ದವಡೆ ಕೀಲಿನದ್ದಿರಬಹುದು: ಪರೀಕ್ಷೆ, ಆರೈಕೆ, ಎಚ್ಚರಿಕೆ

ಇ.ಎನ್.ಟಿ. ಡಾಕ್ಟರು ಕಿವಿ ಸರಿಯಿದೆ ಅಂದಿದ್ದಾರೆ, ಎಕ್ಸ್‌ರೇ ತೆಗೆಸಿದರೆ ಹಲ್ಲಿನಲ್ಲಿ ಹುಳುಕೂ ಇಲ್ಲ. ಆದರೂ ಕಿವಿಯ ಮುಂದೆ, ಕೆನ್ನೆಯಲ್ಲಿ, ಕಣತಲೆಯಲ್ಲಿ ಮಂದ ನೋವು ಬಿಡುತ್ತಿಲ್ಲ, ಬೆಳಿಗ್ಗೆ ಏಳುವಾಗ ದವಡೆ ಬಿಗಿದಿರುತ್ತದೆ. ಹೀಗಿದ್ದರೆ ದವಡೆ ಕೀಲಿನ ಕಡೆ ನೋಡಬೇಕು. 3 ತಿಂಗಳು ದಾಟಿದ ನೋವನ್ನು ದೀರ್ಘಕಾಲದ್ದು ಎನ್ನುತ್ತಾರೆ. ಆ ಹೊತ್ತಿಗೆ ನರಗಳೇ ಸೂಕ್ಷ್ಮವಾಗಿ, ಸಣ್ಣ ಒತ್ತಡಕ್ಕೂ ನೋವು ಕೊಡತೊಡಗುತ್ತವೆ. ಆದ್ದರಿಂದ ಬೇಗ ಶುರು ಮಾಡಿದಷ್ಟೂ ಒಳ್ಳೆಯದು.

ಕಿವಿಯ ತೂತಿನ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಬೆರಳಡಿ ಜಾರುವ ಗಂಟೇ ಕೀಲು. ಕೆಳದವಡೆಯ ತಲೆಗೂ ಮೇಲಿನ ಮೂಳೆಗೂ ನಡುವೆ ತೆಳುವಾದ ಒಂದು ಬಿಲ್ಲೆ ಇರುತ್ತದೆ. ಆದರೆ ಹೆಚ್ಚಿನವರಿಗೆ ನೋಯುವುದು ಕೀಲಲ್ಲ, ಅಗಿಯುವ ಸ್ನಾಯುಗಳು.

ಅದನ್ನು ಕಂಡುಹಿಡಿಯಲು ಅಡುಗೆಮನೆಯ ತಕ್ಕಡಿ ಸಾಕು. ಅದರ ಮೇಲೆ ಒಂದೇ ಬೆರಳಿಂದ 1 ಕೆ.ಜಿ. ತೋರಿಸುವಷ್ಟು ಒತ್ತಿ, ಆ ಒತ್ತಡವನ್ನು ಬೆರಳಿಗೆ ರೂಢಿ ಮಾಡಿಸಿ. ಹಲ್ಲು ಕಚ್ಚಿದಾಗ ಕೆನ್ನೆಯಲ್ಲಿ ಉಬ್ಬುವ ಸ್ನಾಯು ಎಲ್ಲಿದೆ ಎಂದು ಗುರುತಿಸಿಕೊಳ್ಳಿ. ಆಮೇಲೆ ಹಲ್ಲು ಸಡಿಲ ಬಿಟ್ಟು, ಆ ಸ್ನಾಯುವಿನ ಮೇಲೂ ಕಣತಲೆಯ ಮೇಲೂ ಅಷ್ಟೇ ಒತ್ತಡವನ್ನು 2 ಸೆಕೆಂಡು ಇಡಿ. ಕೀಲಿನ ಮೇಲೆ ಅದರ ಅರ್ಧ ಸಾಕು. ಒತ್ತಿದರೆ ಯಾರಿಗಾದರೂ ಸ್ವಲ್ಪ ನೋಯುತ್ತದೆ. ‘ಹೌದು, ನನ್ನನ್ನು ಕಾಡುವುದು ಇದೇ ನೋವು’ ಅನ್ನಿಸಿದರೆ ಮಾತ್ರ ಅದಕ್ಕೆ ಬೆಲೆ.

ಇನ್ನು ಬಾಯಿ ಎಷ್ಟು ತೆರೆಯುತ್ತದೆ ಎಂಬುದು. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಇಡಿ. ದೊಡ್ಡವರಲ್ಲಿ ಸುಮಾರು 40 ಮಿ.ಮೀ. ತೆರೆಯಬೇಕು, 35ಕ್ಕಿಂತ ಕಡಿಮೆಯಾದರೆ ಡಾಕ್ಟರಿಗೆ ತೋರಿಸಿ. ನೋವಿಲ್ಲದೆ ಬರೀ ‘ಕಟಕ್’ ಅನ್ನುವ ಸದ್ದಿಗೆ ಚಿಕಿತ್ಸೆ ಬೇಡ. ದಿನಾ ಬರುತ್ತಿದ್ದ ಸದ್ದು ತಟ್ಟನೆ ನಿಂತು ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತಿದ್ದರೆ ಬಿಲ್ಲೆ ಸರಿದು ಸಿಕ್ಕಿಕೊಂಡಿರಬಹುದು. ಅದಕ್ಕೆ ವಾರಗಟ್ಟಲೆ ಕಾಯಬೇಡಿ.

ಚನ್ನಗಿರಿ ಸೀಮೆಯಂಥ ಅಡಿಕೆ ನಾಡಿನಲ್ಲಿ ಇನ್ನೊಂದು ಅನುಮಾನ ಮೊದಲೇ ಬಗೆಹರಿಯಬೇಕು. ಅಡಿಕೆ, ಗುಟ್ಕಾ ಜಗಿಯುವವರ ಬಾಯಿ ತಿಂಗಳಿಂದ ತಿಂಗಳಿಗೆ ಕಿರಿದಾಗುತ್ತಿದೆ, ಖಾರ ತಗುಲಿದರೆ ಉರಿಯುತ್ತದೆ, ಕೆನ್ನೆಯ ಒಳಭಾಗ ಬಿಳಿಚಿಕೊಂಡು ಬೆರಳಿಗೆ ಹಗ್ಗದಂತೆ ಬಿಗಿಯಾಗಿ ಸಿಗುತ್ತದೆ ಎಂದರೆ ಅದು ಕೀಲಿನ ತೊಂದರೆಯಲ್ಲ, ಬಾಯಿಯ ಒಳಪದರ ಗಡುಸಾಗುವ ‘ಸಬ್‌ಮ್ಯೂಕಸ್ ಫೈಬ್ರೋಸಿಸ್’ ರೋಗವಿರಬಹುದು. ಮುಂದೆ ಕ್ಯಾನ್ಸರ್‌ಗೆ ತಿರುಗುವ ಅಪಾಯ ಅದಕ್ಕಿದೆ. ಕೆಳಗೆ ಹೇಳುವ ವ್ಯಾಯಾಮದಿಂದ ಅದು ವಾಸಿಯಾಗದು. ಅಡಿಕೆ ಬಿಟ್ಟು ದಂತ ಕಾಲೇಜಿಗೆ ಹೋಗಿ. ದಾವಣಗೆರೆಯಲ್ಲಿ ಬಾಪೂಜಿ ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇವೆ, ಚಿತ್ರದುರ್ಗದಲ್ಲಿ ಎಸ್.ಜೆ.ಎಂ. ಇದೆ. ದವಡೆ ನೋವಿಗೂ ಕೇಳಬೇಕಾದದ್ದು ಅಲ್ಲಿನ ಓರಲ್ ಮೆಡಿಸಿನ್ (ಬಾಯಿ ರೋಗಗಳ) ವಿಭಾಗವನ್ನೇ.

ಕೆಲವು ನೋವುಗಳಿಗೆ ಮನೆಮದ್ದು ಮಾಡುತ್ತ ಕೂರಬಾರದು. ದವಡೆ ನೋವಿನ ಜೊತೆ ಎದೆ ಬಿಗಿತ, ಬೆವರು, ಏದುಸಿರು ಇದ್ದರೆ ಹೃದಯದ್ದಿರಬಹುದು, ತಕ್ಷಣ 108ಕ್ಕೆ ಕರೆ ಮಾಡಿ. 50 ದಾಟಿದವರಿಗೆ ಹೊಸದಾಗಿ ಕಣತಲೆ ನೋವು ಬಂದು, ಅಗಿದಾಗ ದವಡೆ ಸೋತು, ದೃಷ್ಟಿ ಮಂಜಾದರೆ ಅದೇ ದಿನ ಆಸ್ಪತ್ರೆ ಸೇರಬೇಕು. ತಡವಾದರೆ ಕಣ್ಣೇ ಹೋಗಬಹುದು. ಆಕಳಿಸಿ ಬಾಯಿ ಮುಚ್ಚಲಾಗದಿದ್ದರೆ ಕೀಲು ಜಾರಿದೆ ಎಂದರ್ಥ, ಮನೆಯವರು ಎಳೆದು ಕೂರಿಸಲು ಹೋಗಬಾರದು.

ಇವ್ಯಾವುವೂ ಇಲ್ಲದಿದ್ದರೆ 4ರಿಂದ 6 ವಾರ ಹೀಗೆ ಮಾಡಿ ನೋಡಿ.

ಎಲ್ಲಕ್ಕಿಂತ ಫಲ ಕೊಡುವುದು ಹಗಲು ಹಲ್ಲು ಕಚ್ಚುವುದನ್ನು ಬಿಡುವುದು. ತುಟಿ ಸೇರಿರಲಿ, ಹಲ್ಲು ಬಿಟ್ಟಿರಲಿ, ನಾಲಿಗೆ ತುದಿ ಮೇಲಿನ ಮುಂದಿನ ಹಲ್ಲುಗಳ ಹಿಂದೆ ಅಂಗುಳಕ್ಕೆ ಹಗುರಾಗಿ ತಾಗಿರಲಿ. ಊಟದ ಹೊತ್ತು ಬಿಟ್ಟರೆ ಹಲ್ಲಿಗೆ ಹಲ್ಲು ತಾಗುವ ಕೆಲಸವೇ ಇಲ್ಲ. ಮೊಬೈಲಿನ ಹಿಂದೆ, ಬೈಕಿನ ಟ್ಯಾಂಕಿನ ಮೇಲೆ, ಕಂಪ್ಯೂಟರಿನ ಅಂಚಿನಲ್ಲಿ ಒಂದೊಂದು ಬಿಂದಿ ಅಂಟಿಸಿ. ಕಂಡಾಗಲೆಲ್ಲ ಹಲ್ಲು ಬಿಟ್ಟಿದೆಯೇ ಎಂದು ನೋಡಿಕೊಳ್ಳಿ.

ಊಟದಲ್ಲಿ 2-3 ವಾರ ಖಡಕ್ ರೊಟ್ಟಿ, ಕಬ್ಬು, ಹುರಿದ ಶೇಂಗಾ, ಚಕ್ಕುಲಿ, ಚ್ಯೂಯಿಂಗ್ ಗಮ್ ಬೇಡ. ಮಂಡಕ್ಕಿ ಮಿರ್ಚಿ ಬಿಡುವುದು ದಾವಣಗೆರೆಯವರಿಗೆ ಕಷ್ಟವೇ, ಆದರೂ ಮಂಡಕ್ಕಿ ಮುಷ್ಟಿಗಟ್ಟಲೆ ಅಗಿಸುತ್ತದೆ. ನುಂಗುವ ಮುದ್ದೆ ಊಟ ದವಡೆಗೆ ರಜೆ ಕೊಟ್ಟಂತೆ. ಬೆಣ್ಣೆ ದೋಸೆಯ ಗರಿ ಅಂಚು ಬಿಟ್ಟು ನಡುವಿನ ಮೆತ್ತನೆ ಭಾಗ ತಿನ್ನಬಹುದು.

ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು ಕೆನ್ನೆಗೆ 15-20 ನಿಮಿಷ, ದಿನಕ್ಕೆರಡು ಸಲ ಇಡಿ. ಬಿಸಿ ಎಷ್ಟಿದೆ ಎಂದು ಮೊದಲು ಮಣಿಕಟ್ಟಿಗೆ ತಾಗಿಸಿ ನೋಡಿ. ಹೊಸದಾಗಿ ಪೆಟ್ಟು ಬಿದ್ದಿದ್ದರೆ ಮಾತ್ರ ಬಟ್ಟೆ ಸುತ್ತಿದ ಐಸು, 10 ನಿಮಿಷ.

ಕಾವು ಕೊಟ್ಟ ಮೇಲೆ ಕನ್ನಡಿ ಮುಂದೆ ನಿಂತು, ನಾಲಿಗೆಯನ್ನು ಅಂಗುಳದಿಂದ ಬಿಡಿಸದೆ ನಿಧಾನ ಬಾಯಿ ತೆರೆಯಿರಿ. ಗದ್ದ ಪಕ್ಕಕ್ಕೆ ವಾಲದೆ ನೇರ ಇಳಿಯಬೇಕು. ಒಂದು ಸಲಕ್ಕೆ 6 ಬಾರಿ, ದಿನಕ್ಕೆ 6 ಸಲ. ನಾಲಿಗೆ ಬಿಟ್ಟು ದೊಡ್ಡದಾಗಿ ತೆರೆಯುವುದು, ಕೈಯಿಂದ ಜಗ್ಗುವುದು, ಇವುಗಳಿಂದ ನೋವು ಹೆಚ್ಚಬಹುದು.

ಐಬುಪ್ರೊಫೆನ್‌ನಂಥ ಮಾತ್ರೆ ಕೆಲವು ದಿನ ನೆರವಾಗುತ್ತದೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಬಿ.ಪಿ. ಇದ್ದವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ತಿಂಗಳುಗಟ್ಟಲೆ ನುಂಗುವ ಮಾತ್ರೆಯಂತೂ ಅಲ್ಲ. ಹಳೆಯ ನೋವಿಗೆ ರಾತ್ರಿ ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್ ಬೇಕೇ ಎಂದು ಡಾಕ್ಟರೇ ನಿರ್ಧರಿಸಲಿ.

ಇಷ್ಟಾದರೂ ತಗ್ಗದಿದ್ದರೆ ಸ್ಪ್ಲಿಂಟ್, ಅಂದರೆ ಹಲ್ಲುಗಳ ಮೇಲೆ ಕೂರಿಸುವ, ತೆಗೆದು ಹಾಕಬಹುದಾದ ಕವಚ. ಅಳತೆ ತೆಗೆದು ಮಾಡಿಸಿದ, ಎಲ್ಲ ಹಲ್ಲುಗಳನ್ನೂ ಮುಚ್ಚುವ ಗಟ್ಟಿ ಅಕ್ರಿಲಿಕ್‌ನದ್ದು ಇರಲಿ, ರಾತ್ರಿ ಮಾತ್ರ ಹಾಕಿ. ಬಿಸಿನೀರಲ್ಲಿ ಮೆತ್ತಗಾಗಿಸುವ ರೆಡಿಮೇಡ್ ರಬ್ಬರಿನದ್ದನ್ನು ಕೆಲವರು ನಿದ್ದೆಯಲ್ಲಿ ಇನ್ನಷ್ಟು ಕಚ್ಚುತ್ತಾರೆ. ಕೆಲವೇ ಹಲ್ಲು ಮುಚ್ಚುವಂಥದ್ದು ಉಳಿದ ಹಲ್ಲುಗಳನ್ನು ಜರುಗಿಸಬಹುದು. ಮೇಲಿನ, ಕೆಳಗಿನ ಹಲ್ಲು ಕೂಡುವ ರೀತಿ ಸರಿಮಾಡುತ್ತೇವೆಂದು ಯಾರಾದರೂ ಹಲ್ಲನ್ನು ಯಂತ್ರದಿಂದ ಸವೆಸಲು ಹೊರಟರೆ ಬೇಡ ಅನ್ನಿ. ಸವೆಸಿದ ಹಲ್ಲು ಮತ್ತೆ ಬರುವುದಿಲ್ಲ. ಸ್ಪ್ಲಿಂಟ್ ತೆಗೆದು ಅರ್ಧ ಗಂಟೆಯಾದರೂ ಹಲ್ಲುಗಳು ಮೊದಲಿನಂತೆ ಕೂಡದಿದ್ದರೆ ಹಾಕುವುದನ್ನು ನಿಲ್ಲಿಸಿ, ಅದನ್ನೇ ಕೈಯಲ್ಲಿ ಹಿಡಿದು ಡಾಕ್ಟರ ಬಳಿ ಹೋಗಿ.