ಹಲಸಿನ ಟೀಪಾಯಿಗೆ ಅರಗಿನ ಹೊಳಪು

ಮಲೆನಾಡಿನಲ್ಲಿ ಮಳೆಗಾಲ ಕಳೆಯುವವರೆಗೆ ಪಾಲಿಶ್ ಬಾಟಲಿ ತೆರೆಯದಿರುವುದು ಲೇಸು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಒಂದು ಆಷಾಢದಲ್ಲಿ ಹಟ ಹಿಡಿದು ಹೊಸ ಹಲಸಿನ ಟೀಪಾಯಿಗೆ ಸ್ಪಿರಿಟ್ ಪಾಲಿಶ್, ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು, ಬಳಿದೆ. ಸಂಜೆಯೊಳಗೆ ಮಜ್ಜಿಗೆ ಚೆಲ್ಲಿ ಒರೆಸಿದಂಥ ಬಿಳಿ ಮಬ್ಬು! ಸ್ಪಿರಿಟ್ ಆರುವಾಗ ಮರದ ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲಿ ಇಳಿದು ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ದೀಪಾವಳಿ ಕಳೆದು ಹವೆ ಒಣಗಿದ ಮೇಲೆ, ಸ್ಪಿರಿಟ್ ಸೋಕಿಸಿದ ಬಟ್ಟೆಯಲ್ಲಿ ಹಗುರಾಗಿ ಒರೆಸಿದಾಗ ಮಬ್ಬು ಬಿಟ್ಟಿತು.

ಮಳೆಗಾಲದಲ್ಲಿ ಕೈಕಟ್ಟಿ ಕೂರಬೇಕಿಲ್ಲ, ಉಜ್ಜುವ ಕೆಲಸ ಮುಗಿಸಿಕೊಳ್ಳಬಹುದು. ಉಜ್ಜುಗೊರಡಿನ ಗುರುತು ಎದ್ದು ಕಾಣುತ್ತಿದ್ದರೆ 80ನೇ ನಂಬರಿನ ಮರಳು ಕಾಗದದಿಂದ ಆರಂಭಿಸಿ (ನಂಬರ್ ಹೆಚ್ಚಿದಷ್ಟೂ ಕಾಗದ ನಯ). ಇಲ್ಲವಾದರೆ 120 ಸಾಕು. ಆಮೇಲೆ 180, ನಂತರ 220. ನಡುವಿನ ನಂಬರನ್ನು ಹಾರಿಸಬೇಡಿ. 80ರ ಗೀರನ್ನು 220 ಅಳಿಸಲಾರದು. ಆ ಗೀರು ಬರಿಗಣ್ಣಿಗೆ ಅಡಗಿ ಕೂತು, ಪಾಲಿಶ್ ಬಿದ್ದ ಮೇಲೆ ಹಲ್ಲು ಕಿರಿಯುತ್ತದೆ. ಪ್ರತಿ ಸಲವೂ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಅಡ್ಡಾದಿಡ್ಡಿ ಗೆರೆ ಎಳೆದು, ಅವೆಲ್ಲ ಮಾಯವಾಗುವವರೆಗೆ ಉಜ್ಜಿದರೆ ಯಾವ ಮೂಲೆಯೂ ತಪ್ಪುವುದಿಲ್ಲ. ಕಾಗದವನ್ನು ಬರಿಗೈಯಲ್ಲಿ ಹಿಡಿದರೆ ಬೆರಳಿನ ಒತ್ತಡಕ್ಕೆ ಹಳ್ಳ ಬೀಳುತ್ತದೆ. ಮರದ ತುಂಡಿಗೆ ಹಳೆಯ ಹವಾಯಿ ಚಪ್ಪಲಿಯ ಅಟ್ಟೆ ಅಂಟಿಸಿ, ಅದಕ್ಕೆ ಕಾಗದ ಸುತ್ತಿಕೊಳ್ಳಿ. ಎಳೆ ಹರಿದ ದಿಕ್ಕಿನಲ್ಲೇ ಉಜ್ಜಿ, ಅಡ್ಡಡ್ಡ ಬೇಡ. ಅಡ್ಡ ಕೊಯ್ದ ತುದಿ ಪಾಲಿಶನ್ನು ಹೆಚ್ಚು ಹೀರಿ ಕಪ್ಪಾಗುವುದರಿಂದ ಅಲ್ಲಿ 320ರವರೆಗೂ ಹೋಗಿ. ಮೂಗಿಗೆ ಬಟ್ಟೆಯೋ ಮಾಸ್ಕೋ ಇರಲಿ. ಬೀಟೆಯ ಹುಡಿಯಂತೂ ಕೆಲವರಿಗೆ ಚರ್ಮದ ತುರಿಕೆ ತರುತ್ತದೆ.

ಕತ್ತಲಾದ ಮೇಲೆ ಟಾರ್ಚನ್ನು ಹಲಗೆಗೆ ಒರಗಿಸಿದಂತೆ ಹಿಡಿದು ನೋಡಿ. ಹಗಲು ಮುಚ್ಚಿಟ್ಟ ಗೀರುಗಳೆಲ್ಲ ಆಗ ಹೊರಬೀಳುತ್ತವೆ.

220 ಮುಗಿದ ಮೇಲೆ ಹಿಂಡಿದ ಒದ್ದೆ ಬಟ್ಟೆಯಿಂದ ಇಡೀ ಮೈ ಒರೆಸಿ. ಒತ್ತಿಹೋಗಿದ್ದ ಎಳೆಗಳು ರೋಮ ನಿಮಿರಿದಂತೆ ಏಳುತ್ತವೆ. ಚೆನ್ನಾಗಿ ಒಣಗಿದ ಮೇಲೆ 320ರಲ್ಲಿ ಮೃದುವಾಗಿ ಸವರಿ. ಈ ಹಂತ ಬಿಟ್ಟವರಿಗೆ ಮೊದಲ ಪದರದ ಮೇಲೆ ಕೈಯಾಡಿಸಿದಾಗಲೇ ತಪ್ಪು ಗೊತ್ತಾಗುತ್ತದೆ.

ಮರಳು ಕಾಗದಕ್ಕೆ ಮುಂಚೆ ಗರಗತ್ತಿ ಎಲೆಯಿತ್ತು. ಬೆಕ್ಕಿನ ನಾಲಗೆಯಂತೆ ಒರಟಾದ ಈ ಎಲೆ ಕೆತ್ತನೆಯ ಸಂದಿಗೆ, ಕಡೆದ ಕಾಲಿಗೆ ಈಗಲೂ ನನಗೆ ಇಷ್ಟ. ಅಗಲ ಹಲಗೆಗೆ ಮಾತ್ರ ನನ್ನ ತಾಳ್ಮೆ ಸಾಲದು.

ಇನ್ನು ಪಾಲಿಶ್. ಶೆಲ್ಲಾಕ್ ಎಂದು ಸಿಗುವ ಅರಗಿನ ಹಕ್ಕಳೆ 100 ಗ್ರಾಂ, ಪಾಲಿಶ್ ಸ್ಪಿರಿಟ್ ಅರ್ಧ ಲೀಟರ್. ಗಾಜಿನ ಬಾಟಲಿಯಲ್ಲಿ ಹಾಕಿ, ಆಗಾಗ ಕುಲುಕಿ, ರಾತ್ರಿಯಿಡೀ ಬಿಟ್ಟು, ಬಟ್ಟೆಯಲ್ಲಿ ಸೋಸಿ. ಕಬ್ಬಿಣದ ಡಬ್ಬಿಯಲ್ಲಿಟ್ಟರೆ ಕಪ್ಪಾಗುತ್ತದೆ. ಅಡಿಕೆ ಬೇಯಿಸುವ ದಿನಗಳಲ್ಲಿ ಒಲೆಯಿರುವ ಅಂಗಳದಲ್ಲಿ ಈ ಕೆಲಸ ಬೇಡವೇ ಬೇಡ: ಸ್ಪಿರಿಟ್‌ಗೆ ಬೆಂಕಿಯ ಭಯ, ಹಸಿ ಪಾಲಿಶ್‌ಗೆ ಹಾರುವ ಬೂದಿಯ ಭಯ.

ಹತ್ತಿಯ ಉಂಡೆಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ, ಪಾಲಿಶ್ ಹೀರಿಸಿ, ಹಿಂಡಿ. ಒಂದು ತುದಿಯಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಎಳೆಯಿರಿ; ಅದೇ ಜಾಗಕ್ಕೆ ಕೂಡಲೇ ಮರಳಿದರೆ ಅರೆ ಒಣಗಿದ ಪದರ ಕಿತ್ತು ಬರುತ್ತದೆ. ದಪ್ಪಗೆ ಎರಡು ಪದರಕ್ಕಿಂತ ತೆಳ್ಳಗೆ ಆರು ಮೇಲು. ಎರಡು ಪದರಕ್ಕೊಮ್ಮೆ 400ರ ಕಾಗದವನ್ನು ತೇಲಿಸಿದಂತೆ ಆಡಿಸಿ, ಹುಡಿ ಒರೆಸಿ.

ವಾರ ಬಿಟ್ಟು ಜೇನುಮೇಣ. ಒಂದು ಪಾಲು ತುರಿದ ಮೇಣಕ್ಕೆ ಎರಡು ಪಾಲು ಟರ್ಪೆಂಟೈನ್ ಸೇರಿಸಿ, ಒಲೆಯ ಮೇಲಿಡದೆ, ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ನಿಲ್ಲಿಸಿ ಕರಗಿಸಿ. ತಣಿದ ಮೇಲೆ ತೆಳುವಾಗಿ ಸವರಿ, ಅರ್ಧ ಗಂಟೆ ಬಿಟ್ಟು ಒಣ ಬಟ್ಟೆಯಿಂದ ತಿಕ್ಕಿ. ಅರಗಿನ ಮೇಲೆ ಬಿಸಿ ಕಾಫಿಯ ಲೋಟ ಇಟ್ಟರೆ ಬಿಳಿ ಉಂಗುರ ಮೂಡುತ್ತದೆ. ಊಟದ ಮೇಜಿಗೆ ಇದನ್ನು ಹಚ್ಚದೆ ಪಿಯು (ಪಾಲಿಯುರೆಥೇನ್) ಪಾಲಿಶ್ ಮಾಡಿಸಿ.