ಬಟ್ಟೆ ಜಾಲಿಸಿದ ನೀರು, ಉರುಳುವ ಕಪ್ಪು ಮಣಿ: ಪ್ಲಾಸ್ಟಿಕ್ ಎಳೆ ಹಿಡಿದ ನನ್ನ ಅನುಭವ

ಬಟ್ಟೆಯಿಂದ ಉದುರಿ ನೀರು ಸೇರುವ ಸಣ್ಣ ಪ್ಲಾಸ್ಟಿಕ್ ಎಳೆಗಳನ್ನು ಹಿಡಿಯಲೆಂದು, ಮ್ಯಾಗ್ನೆಟ್ಟಿನಿಂದ ಉರುಳುವ ಧನ ಚಾರ್ಜಿನ ಸಣ್ಣ ಕಪ್ಪು ಮಣಿಗಳನ್ನು ನಾನೇ ಮಾಡಿದೆ. ಅವನ್ನು ಮೊದಲ ಸಲ ಬಿಟ್ಟಿದ್ದು ಹುಬ್ಬಳ್ಳಿಯ ಉಣಕಲ್ ಕೆರೆಯ ನೀರಿಗೆ. ಹತ್ತೇ ನಿಮಿಷದಲ್ಲಿ ಅವಕ್ಕೆಲ್ಲ ಕೆಸರು ಮೆತ್ತಿಕೊಂಡಿತು, ಪ್ಲಾಸ್ಟಿಕ್ ಮಾತ್ರ ಅಂಟಲಿಲ್ಲ. ನೀರಿನಲ್ಲಿ ಪ್ಲಾಸ್ಟಿಕ್ ಚೂರಿಗೆ ಋಣ ಚಾರ್ಜ್ ಇರುತ್ತದೆ, ಧನ ಚಾರ್ಜಿನ ಮಣಿಗೆ ಅದು ಅಂಟಬೇಕು, ನಿಜ. ಆದರೆ ನಮ್ಮ ಎರೆಮಣ್ಣಿನ ಜೇಡಿಗೂ ಪಾಚಿಗೂ ಇರುವುದು ಅದೇ ಚಾರ್ಜ್, ಮೇಲಾಗಿ ಅವುಗಳ ಪ್ರಮಾಣ ಎಷ್ಟೋ ಪಟ್ಟು ಹೆಚ್ಚು. 'ಕೆರೆಗೆ ಇದು ಆಗೂ ಮಾತಲ್ಲ' ಎಂದ ಮಂದಿ ಆ ಮಟ್ಟಿಗೆ ಬರೋಬ್ಬರಿ ಹೇಳಿದ್ದರು. ಅಲ್ಲಿಗೇ ಕೈಬಿಡು ಎಂದದ್ದು ಮಾತ್ರ ತಪ್ಪು. ಎಳೆ ಗಟಾರ ಸೇರುವ ಮೊದಲೇ, ಬಟ್ಟೆ ಜಾಲಿಸಿದ ನೀರಿನಲ್ಲಿ ಹಿಡಿದರೆ ಮಣ್ಣಿನ ಕಾಟವೂ ಇಲ್ಲ, ಪಾಚಿಯ ಕಾಟವೂ ಇಲ್ಲ. ನೀರಿನ ಸಾಂದ್ರತೆ 1 ಎಂದರೆ ಪಾಲಿಯೆಸ್ಟರ್‌ನದು ಸುಮಾರು 1.38, ಅಕ್ರಿಲಿಕ್ 1.18, ನೈಲಾನ್ 1.14. ನಿಂತ ನೀರಿನಲ್ಲಿ ಮೂರೂ ತಳಕ್ಕಿಳಿಯುತ್ತವೆ. ತಳದಲ್ಲಿ ಉರುಳಾಡುವ ಮಣಿಗೆ ಬೇಕಾದದ್ದೂ ಅದೇ.

2024ರಲ್ಲಿ ಝೆಕ್ ದೇಶದ ಬ್ರನೋ ನಗರದ ವಿಜ್ಞಾನಿಗಳು 2.8 ಮೈಕ್ರಾನ್ ಮಣಿಗಳ ಹಿಂಡು ಕಟ್ಟಿ, ತಿರುಗುವ ಕಾಂತಕ್ಷೇತ್ರದಲ್ಲಿ ಓಡಿಸಿ ತೋರಿಸಿದ ಮೇಲೆ ಎಲ್ಲರ ಕಣ್ಣೂ ಕಾಯಿಲ್ ಮೇಲೆ, ಅಂದರೆ ಕರೆಂಟ್ ಹರಿಸಿ ಕಾಂತಕ್ಷೇತ್ರ ಹುಟ್ಟಿಸುವ ತಂತಿ ಸುರುಳಿಯ ಮೇಲೆ ಬಿತ್ತು. ನಾನೂ ಅಲ್ಲಿಂದಲೇ ಶುರು ಮಾಡಿ ದುಡ್ಡು ಕಳೆದೆ. 6 ಸೆಂ.ಮೀ. ತ್ರಿಜ್ಯ, 200 ಸುತ್ತು, 22 ಗೇಜ್ ತಂತಿ. ಎರಡು ಜೋಡಿಗೆ ಒಂದೂಕಾಲು ಕಿಲೋ ತಾಮ್ರ ಬೇಕಾಯಿತು, ವೈಂಡಿಂಗ್ ಅಂಗಡಿಯಲ್ಲಿ ಕೂಲಿ ಸೇರಿ 1,800ರ ಹತ್ತಿರ ಬಿತ್ತು. 2 ಆಂಪಿಯರ್ ಹರಿದರೆ 6 ಮಿಲಿಟೆಸ್ಲಾ ಕಾಂತಕ್ಷೇತ್ರ ಬರಬೇಕೆಂಬುದು ಲೆಕ್ಕ. ಬಂದದ್ದು ನಾಲ್ಕು ಚಿಲ್ಲರೆ. ಜೋಡಿಯ ರೆಸಿಸ್ಟೆನ್ಸೇ ಆರೂವರೆ ಓಮ್, ಸಪ್ಲೈ 12 ವೋಲ್ಟ್, ಅದರಲ್ಲಿ ಕಾಯಿಲ್‌ಗೆ ಕರೆಂಟ್ ಕೊಡುವ ಎಲ್298ಎನ್ ಡ್ರೈವರ್ ಸರ್ಕ್ಯೂಟ್ ತಾನೇ ಎರಡೂವರೆ ವೋಲ್ಟ್ ನುಂಗುತ್ತದೆ. ಕರೆಂಟ್ ಏರಿಸಿದರೆ ಕಾಯಿಲ್ ಬಿಸಿಯಾಗಿ, ಬೀಕರಿನ ನೀರು ತಾನೇ ಸುತ್ತತೊಡಗುತ್ತದೆ. ಆಗ ಮಣಿ ನಡೆಯಿತೋ, ನೀರು ಅದನ್ನು ಒಯ್ಯಿತೋ ಗೊತ್ತಾಗುವುದಿಲ್ಲ. ಇಷ್ಟೆಲ್ಲ ಮಾಡಿಯೂ ಒಳಗೆ ಕೂರುವುದು 50 ಎಂ.ಎಲ್. ಬೀಕರ್ ಒಂದೇ.

ಕಾಯಿಲ್ ಬಿಚ್ಚಿಟ್ಟು ಮ್ಯಾಗ್ನೆಟ್ಟಿಗೆ ಬಂದೆ. 20×20×10 ಮಿ.ಮೀ. ನಿಯೋಡಿಮಿಯಮ್ ಎರಡು, ಅಡ್ಡಲಾಗಿ ಮಲಗಿಸಿದ ಗೇರ್ ಮೋಟರಿನ ಶಾಫ್ಟಿಗೆ ಆಚೆ ಒಂದು ಈಚೆ ಒಂದು, ಎರಡರ ಉತ್ತರ ಧ್ರುವವೂ ಒಂದೇ ಕಡೆಗೆ. ಅಂಟು ಸಾಲದು, ಮೇಲೆ ನೂಲು ಸುತ್ತಿ ಎಪಾಕ್ಸಿ ಹಾಕಿ. ಮೇಲೆ ಅಕ್ವೇರಿಯಂ ಅಂಗಡಿಯಲ್ಲಿ ಕಟ್ಟಿಸಿದ 30×20 ಸೆಂ.ಮೀ. ಗಾಜಿನ ಟ್ರೇ, 3 ಸೆಂ.ಮೀ. ನೀರು, ಅಂದರೆ 1.8 ಲೀಟರ್. ಹಳೆಯ ಪ್ರಿಂಟರಿನ ರೇಲಿನ ಮೇಲೆ ಮೋಟರು ಅಡಿಯಲ್ಲಿ ಹಿಂದೆ ಮುಂದೆ ಓಡುತ್ತದೆ.

ಎಲ್ಲರೂ ಎಡವುವುದು ಮ್ಯಾಗ್ನೆಟ್ಟಿಗೂ ಟ್ರೇ ತಳಕ್ಕೂ ನಡುವಿನ ಅಂತರದಲ್ಲಿ. ಮ್ಯಾಗ್ನೆಟ್ ಹತ್ತಿರವಿದ್ದಷ್ಟು ಛಲೋ ಎನಿಸುತ್ತದೆ. ಆದರೆ 3 ಸೆಂ.ಮೀ.ನಲ್ಲಿ ಮಣಿಗಳೆಲ್ಲ ಒಂದೇ ಕಡೆ ಗುಡ್ಡೆಬಿದ್ದು ಅಲ್ಲಿಯೇ ನಡುಗುತ್ತವೆ. ಮ್ಯಾಗ್ನೆಟ್ಟನ್ನು 5 ಸೆಂ.ಮೀ. ದೂರಕ್ಕೆ ಇಳಿಸಿ. ದೂರ ಹೋದಂತೆ ಎಳೆಯುವ ಬಲ ತಿರುಗಿಸುವ ಬಲಕ್ಕಿಂತ ಬೇಗ ಕುಗ್ಗುತ್ತದೆ, ಹಾಗಾಗಿ ಮಣಿ ಬಿಡಿಯಾಗಿ ಉರುಳುತ್ತದೆ. ಅಲ್ಲಿ ಕಾಂತಕ್ಷೇತ್ರ ಅಳೆಯುವ ಹಾಲ್ ಸೆನ್ಸರ್, ಧ್ರುವ ಮೇಲಿದ್ದಾಗ 13 ಮಿಲಿಟೆಸ್ಲಾ ತೋರಿಸಿತು, ಧ್ರುವ ಅಡ್ಡವಾದಾಗ ಅದರ ಅರ್ಧ. ಇನ್ನೊಂದು ಮಾತು. ಮ್ಯಾಗ್ನೆಟ್ ಬಲಕ್ಕೆ ಉರುಳುವ ಚಕ್ರದಂತೆ ತಿರುಗಿದರೆ ಮೇಲಿನ ಮಣಿ ಎಡಕ್ಕೆ ಹೋಗುತ್ತದೆ. ವೈರಿಂಗ್ ತಪ್ಪಾಯಿತೆಂದು ಬಿಚ್ಚಲು ಹೋಗಬೇಡಿ, ಶಾಫ್ಟಿನ ಮೇಲ್ಗಡೆ ಕಾಂತಕ್ಷೇತ್ರ ತಿರುಗುವುದೇ ಉಲ್ಟಾ. ವೇಗ ನಿಮಿಷಕ್ಕೆ 100ರಿಂದ 120 ಸುತ್ತು ಸಾಕು. 200 ದಾಟಿಸಿದರೆ ಮಣಿ ಹಿಂದೆ ಬಿದ್ದು ನಿಂತಲ್ಲೇ ತೊನೆಯುತ್ತದೆ.

ಇನ್ನು ಮಣಿ. ಮೊದಲು ಅದರೊಳಗಿನ ಮ್ಯಾಗ್ನೆಟೈಟ್, ಅಂದರೆ ಮ್ಯಾಗ್ನೆಟ್ ಎಳೆಯುವ ಕಪ್ಪು ಕಬ್ಬಿಣದ ಆಕ್ಸೈಡ್. ಫೆರಿಕ್ ಕ್ಲೋರೈಡ್ 5.4 ಗ್ರಾಂ, ಅನ್ನಭೇದಿ (ಫೆರಸ್ ಸಲ್ಫೇಟ್) 2.8 ಗ್ರಾಂ, 70–80 ಡಿಗ್ರಿಯಲ್ಲಿ ಅಮೋನಿಯಾ ಹನಿಹನಿಯಾಗಿ. ಎರಡು ಗ್ರಾಂ ಚಿಲ್ಲರೆ ಮ್ಯಾಗ್ನೆಟೈಟ್ ಸಿಗುತ್ತದೆ. ಕಿಟಕಿ ತೆರೆದಿಟ್ಟು ಮಾಡಿ. ಈ 5.4 ಗ್ರಾಂ ಲೆಕ್ಕ ಹಳದಿ ಹೆಂಟೆಯಂಥ, ನೀರು ಹಿಡಿದ ಫೆರಿಕ್ ಕ್ಲೋರೈಡಿಗೆ. ನೀರಿಲ್ಲದ ಕಪ್ಪು ಪುಡಿಯಾದರೆ ಮೂರೂಕಾಲು ಗ್ರಾಂ ಸಾಕು. ಗೊಬ್ಬರದ ಅಂಗಡಿಯ ಅನ್ನಭೇದಿ ಅಗ್ಗ, ಆದರೆ ಹಸಿರು ಹೋಗಿ ತುಕ್ಕಿನ ಬಣ್ಣ ಬಂದಿದ್ದರೆ ಮುಟ್ಟಬೇಡಿ. ನನ್ನ ಮೂರು ಘಾಣ ಕಪ್ಪಾಗುವ ಬದಲು ಕಂದು ಬಣ್ಣಕ್ಕೆ ತಿರುಗಿದವು, ಮ್ಯಾಗ್ನೆಟ್ ತೋರಿಸಿದರೆ ಅಲುಗಲೂ ಇಲ್ಲ.

ಮಣಿಗೆ ಧನ ಚಾರ್ಜ್ ಕೊಡುವುದು ಸಿಗಡಿ ಚಿಪ್ಪಿನಿಂದ ತೆಗೆಯುವ ಕೈಟೋಸಾನ್. ಅದು 2 ಗ್ರಾಂ, ಶೇಕಡಾ 2ರ ಅಸಿಟಿಕ್ ಆಮ್ಲ 100 ಎಂ.ಎಲ್.; ರಾತ್ರಿಯಿಡೀ ಕಲಕಿ ಬಟ್ಟೆಯಲ್ಲಿ ಸೋಸಿ. ಮ್ಯಾಗ್ನೆಟೈಟ್ ಬೆರೆಸಿದ ಮೇಲೆ ತಡಮಾಡಿದರೆ ತಳ ಹಿಡಿಯುತ್ತದೆ. ಬರಿ ಸೂಜಿಯಿಂದ ಹನಿಸಿದರೆ ಎರಡು ಮಿ.ಮೀ. ದಪ್ಪದ ಹನಿ ಬೀಳುತ್ತದೆ. 26 ಗೇಜ್ ಸೂಜಿಯ ಸುತ್ತ ಗಾಳಿ ಊದಿಸಿದರೆ ಹನಿ ಬೇಗ ಕಳಚಿ 0.4 ಮಿ.ಮೀ. ಆಸುಪಾಸಿಗೆ ಬರುತ್ತದೆ. ಅಕ್ವೇರಿಯಂ ಪಂಪಿನ ಗಾಳಿ ಸಾಲಲಿಲ್ಲ, ಪೇಂಟ್ ಹೊಡೆಯುವ ಕಂಪ್ರೆಸರ್ ಬೇಕಾಯಿತು. ಬೀಳುವುದು ಲೀಟರಿಗೆ 40 ಗ್ರಾಂ ಕಾಸ್ಟಿಕ್ ಸೋಡಾ ಹಾಕಿದ ನೀರಿಗೆ, ಅಲ್ಲಿ ಹನಿ ಹೆಪ್ಪುಗಟ್ಟಿ ಮಣಿಯಾಗುತ್ತದೆ.

ಹಾಗೆ ಮಾಡಿದ ಮಣಿ ಉರುಳಲಿಲ್ಲ. ಮ್ಯಾಗ್ನೆಟ್ ಕಡೆ ಜಾರುತ್ತಿತ್ತು, ಅಷ್ಟೇ. ತಿಂಗಳೊಪ್ಪತ್ತು ಇಲ್ಲಿಯೇ ನಿಂತೆ. ಒಳಗಿನ ಕಣ ಎಲ್ಲ ದಿಕ್ಕಿಗೂ ಸಮನಾಗಿ ಹರಡಿದ್ದರೆ ಮಣಿಗೆ ತನ್ನದೇ ಆದ ದಿಕ್ಕು ಇರುವುದಿಲ್ಲ, ಕ್ಷೇತ್ರ ತಿರುಗಿದರೂ ಅದು ತಿರುಗುವುದಿಲ್ಲ. ಹನಿ ಬೀಳುವ ಸೋಡಾ ಬಟ್ಟಲಿನ ಅಡಿಗೇ ಒಂದು ಮ್ಯಾಗ್ನೆಟ್ ಇಡಿ. ಹೆಪ್ಪುಗಟ್ಟುವಾಗಲೇ ಕಣಗಳು ಗೆರೆಗೆರೆಯಾಗಿ ಸಾಲು ನಿಲ್ಲುತ್ತವೆ. ಲೆನ್ಸಿನಲ್ಲಿ ನೋಡಿದರೆ ಮಣಿಯೊಳಗೆ ಕೂದಲಿನಂಥ ಕಪ್ಪು ಗೀರು ಕಾಣುತ್ತದೆ. ಅದು ಕಂಡ ದಿನವೇ ಮಣಿ ಉರುಳಿತು. ಬಟ್ಟಲಿನ ಅಡಿಗೆ ಮ್ಯಾಗ್ನೆಟ್ ಎಷ್ಟು ದೂರ ಇರಬೇಕು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಮುಂದಿನ ಪೆಟ್ಟು ಸೋಪಿನದು. ಡಿಟರ್ಜೆಂಟು ಋಣ ಚಾರ್ಜಿನದು, ಎಳೆಗಿಂತ ಮೊದಲು ಅದೇ ಹೋಗಿ ಕೈಟೋಸಾನಿಗೆ ಅಂಟುತ್ತದೆ. ವಾಷಿಂಗ್ ಸೋಡಾ ಪಿಎಚ್ 10ಕ್ಕೆ ಏರಿಸುತ್ತದೆ, ಅಲ್ಲಿ ಕೈಟೋಸಾನಿನ ಧನ ಚಾರ್ಜೇ ಉಳಿಯುವುದಿಲ್ಲ. ಅದಕ್ಕೇ ಮೊದಲ ನೀರು ಬಿಟ್ಟು ಎರಡನೇ ಸಲ ಜಾಲಿಸಿದ ನೀರು ಹಿಡಿಯಿರಿ, ನಿಂಬೆ ಉಪ್ಪು ಹಾಕಿ ಪಿಎಚ್ 6ಕ್ಕೆ ತನ್ನಿ. ಬೋರಿನ ನೀರಿಗೆ ಹೆಚ್ಚು ಬೇಕು. 5ಕ್ಕಿಂತ ಇಳಿದರೆ ಮಣಿಯೇ ಕರಗಿ ಲೋಳೆಯಾಗುತ್ತದೆ, ಹಾಗಾಗಿ ಗ್ಲುಟರಾಲ್ಡಿಹೈಡಿನಲ್ಲಿ ಗಟ್ಟಿ ಮಾಡಲೇಬೇಕು. ಕೈಗವಸು ಬೇಕು, ಆವಿ ಮೂಗಿಗೆ ತಾಗಬಾರದು. ಅತಿಯಾದರೆ ಚಾರ್ಜ್ ಹೊರುವ ಅಮೈನ್ ಎಲ್ಲ ಖರ್ಚಾಗಿ ಎಳೆ ಹಿಡಿಯುವುದಿಲ್ಲ. ಕಪ್ಪು ಮಣಿಯಲ್ಲಿ ಬಣ್ಣ ಕಾಣದು, ಅದಕ್ಕೆ ಮ್ಯಾಗ್ನೆಟೈಟ್ ಇಲ್ಲದ ನಾಲ್ಕು ಬಿಳಿ ಮಣಿ ಜೊತೆಗೆ ಹಾಕಿ. ಅವು ತಿಳಿ ಹಳದಿಗೆ ಬಂದ ಕೂಡಲೇ ತೆಗೆಯಿರಿ.

ಟ್ರೇಗೆ ಎರಡು ಟೀ ಚಮಚ ಒದ್ದೆ ಮಣಿ, 40 ನಿಮಿಷ. ಪ್ಲಾಸ್ಟಿಕ್ಕಿಗೆ ಹತ್ತಿ ನೀಲಿ ಬೆಳಕಿನಲ್ಲಿ ಹೊಳೆಯುವ ನೈಲ್ ರೆಡ್ ಬಣ್ಣ, ನೀಲಿ ಟಾರ್ಚ್, ಕಿತ್ತಳೆ ಫಿಲ್ಟರ್ ಹಾಕಿ ಎಣಿಸಿದಾಗ ಮೊದಲು 100 ಎಂ.ಎಲ್.ಗೆ 140–150 ಎಳೆ, ನಂತರ 25–30. ಮಣಿ ಹಾಕಿ ಮೋಟರು ನಿಲ್ಲಿಸಿಟ್ಟಾಗ ಉಳಿದದ್ದು ತೊಂಬತ್ತರ ಮೇಲೆ. ಸ್ಯಾಂಪಲ್ ತೆಗೆಯುವಾಗ ತಳ ಸಮೇತ ಕಲಕಲೇಬೇಕು, ಇಲ್ಲದಿದ್ದರೆ ತಳಕ್ಕೆ ಕೂತ ಎಳೆಯನ್ನೂ ಮಣಿ ಹಿಡಿಯಿತೆಂದು ಮೋಸ ಹೋಗುತ್ತೀರಿ. ಎಣಿಸುವ ದಿನ ಹತ್ತಿಬಟ್ಟೆಯೇ ಉಡಿ. ಟೆರಿಕಾಟ್ ಅಂಗಿಯಿಂದ ಬಿದ್ದ ಎಳೆಯೂ ಲೆಕ್ಕಕ್ಕೆ ಸೇರುತ್ತದೆ.

ನಡುವೆ ಬೇರೆ ದಾರಿಗಳನ್ನೂ ನೋಡಿದೆ. 2019ರಲ್ಲಿ ಐರ್ಲೆಂಡಿನ ಫಿಯೋನ್ ಫೆರೇರಾ ಗೂಗಲ್ ಸೈನ್ಸ್ ಫೇರ್ ಗೆದ್ದ ಎಣ್ಣೆ-ಮ್ಯಾಗ್ನೆಟೈಟ್ ವಿಧಾನವನ್ನು (ಪ್ಲಾಸ್ಟಿಕ್ ಎಣ್ಣೆಗೆ ಅಂಟುತ್ತದೆ, ಮ್ಯಾಗ್ನೆಟೈಟ್ ಸಮೇತ ಅದನ್ನು ಮ್ಯಾಗ್ನೆಟ್ಟಿನಿಂದ ಎತ್ತುವುದು) ಕುಸುಬೆ ಎಣ್ಣೆಯಲ್ಲಿ ಮಾಡಿದೆ. ಎಳೆ ಚೆನ್ನಾಗಿ ಹಿಡಿಯಿತು, ಆದರೆ ನೀರಿನ ಮೇಲೆ ಎಣ್ಣೆ ಪರದೆ ಉಳಿಯಿತು. ನೈಲ್ ರೆಡ್ ಎಣ್ಣೆಗೂ ಹತ್ತುವುದರಿಂದ ಎಣಿಕೆ ಕೆಟ್ಟಿತು. ಎಳೆಗಳನ್ನು ಒಟ್ಟಿಗೆ ಗಂಟುಗಟ್ಟಿಸಲು ಹಾಕಿದ ಬೆಂಡೆಕಾಯಿ ಲೋಳೆ ಮರುದಿನಕ್ಕೆ ನಾತ ಹೊಡೆಯಿತು. ಮ್ಯಾಗ್ನೆಟೈಟ್ ಬದಲು ಅಗ್ಗವೆಂದು ಕೆಲವರು ಹಾಕುವ ಝೆರಾಕ್ಸ್ ಟೋನರ್ ಮಾತ್ರ ಖಂಡಿತ ಬೇಡ, ಅದರಲ್ಲಿ ಮುಕ್ಕಾಲು ಪಾಲು ಪ್ಲಾಸ್ಟಿಕ್ಕೇ ಇರಬಹುದು.

ಮಣಿ ತೊಳೆಯಲು ಕನ್ನಡಕ ತೊಳೆಯುವ ಅಲ್ಟ್ರಾಸಾನಿಕ್ ಡಬ್ಬಿ, ಉಪ್ಪುನೀರು, ಐದು ನಿಮಿಷ. ಅಡಿಯಲ್ಲಿ ಮ್ಯಾಗ್ನೆಟ್ ಹಿಡಿದು ಮೇಲಿನ ನೀರು ದಟ್ಟ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಒಣಗಿಸಿ ಕಟ್ಟಿಡಿ, ಮತ್ತೆ ಮೋರಿಗೆ ಬಿಡಬೇಡಿ. ಆರೇಳು ಸಲದ ಮೇಲೆ ಹಿಡಿತ ಅರ್ಧಕ್ಕಿಳಿಯುತ್ತದೆ. ಕೈಟೋಸಾನ್ 100 ಗ್ರಾಂಗೆ 800, ಮ್ಯಾಗ್ನೆಟ್ 600, ಮೋಟರು 350, ಟ್ರೇ 300, ಅಲ್ಟ್ರಾಸಾನಿಕ್ 1,800, ಉಳಿದ ಕೆಮಿಕಲ್ ಸಾವಿರದ ಮೇಲೆ: ಐದು ಸಾವಿರದ ಒಳಗೆ ಕೂತಿತು. ಅದಕ್ಕೂ ಮೊದಲು ಕಾಯಿಲ್, ಡ್ರೈವರ್, ಕೆಟ್ಟ ಘಾಣಗಳಲ್ಲಿ ಹೋದದ್ದು ಎಂಟೊಂಬತ್ತು ಸಾವಿರ.

ನೀರು ಹೊರಬಿಡುವ ನಳಿಗೆಯ ಸುತ್ತ ಒಂದು ಮ್ಯಾಗ್ನೆಟ್ ಪಟ್ಟಿ ಕಟ್ಟಿ, ಧಾರೆ ಸಣ್ಣಗಿಡಿ. ಜೋರಾಗಿ ಬಿಟ್ಟ ದಿನ ಚಮಚದಲ್ಲಿ ಕಾಲು ಭಾಗ ಮಣಿ ಹರಿದುಹೋಗಿತ್ತು. ಈಗ ಬೆರಳಿನಷ್ಟು ದಪ್ಪದ ಧಾರೆಯ ಬದಲು ಪೆನ್ನಿನ ರೀಫಿಲ್ಲಿನಷ್ಟು ಧಾರೆ. ಟ್ರೇ ಖಾಲಿಯಾಗಲು ಇಪ್ಪತ್ತು ನಿಮಿಷ ಹಿಡಿಯುತ್ತದೆ, ನಳಿಗೆಯ ಒಳಗೋಡೆಗೆ ಅಂಟಿದ ಮಣಿಗಳನ್ನು ಬ್ರಶ್ಶಿನಿಂದ ಉಜ್ಜಿ ವಾಪಸ್ ಹಾಕಿಕೊಳ್ಳುತ್ತೇನೆ.