ನೂರರ ಜೊತೆ ಮುನ್ನೂರ ಮೂವತ್ತು

ನಮ್ಮ ತೋಟದ ಮನೆಗೆ ಕರೆಂಟಿನ ಕಂಬ ಬಂದಿಲ್ಲ. ಶಿರಸಿ ಕಡೆಯ ಘಟ್ಟದಂಚಿನ ಜಾಗ. ಡಾಂಬರು ಮುಗಿದ ಮೇಲೂ ಎರಡು ಕಿಲೋಮೀಟರ್ ಇಳಿಯಬೇಕು. ಕಂಬ ನೆಟ್ಟು ತಂತಿ ಎಳೆಸುವ ಖರ್ಚು ಎಷ್ಟು ಅಂತ ಕೇಳಿದ ಅಪ್ಪಯ್ಯ ಕೈಮುಗಿದು ಎದ್ದು ಬಂದಿದ್ದರು. ಹಾಗಾಗಿ ನಮ್ಮಲ್ಲಿ ಸೋಲಾರ್ ಬಂದಿದ್ದು ಶೋಕಿಗಲ್ಲ, ಬೇರೆ ದಾರಿ ಇಲ್ಲದೆ.

ಅದೂ ಒಂದೇ ಸಲ ಬಂದಿದ್ದಲ್ಲ. 2004ರಲ್ಲಿ 37 ವ್ಯಾಟಿನ ಎರಡು ಪ್ಯಾನೆಲ್ ಹಾಕಿಸಿದ್ದು, ನಾಲ್ಕು ದೀಪಕ್ಕೆ. 2013ರಲ್ಲಿ ಟಿವಿ ಬಂತು, 100 ವ್ಯಾಟಿನ ಎರಡು ಸೇರಿದವು. 2022ರ ಕೊನೆಯಲ್ಲಿ ಶಿವಮೊಗ್ಗದ ಭಾವನ ಮನೆ ಟೆರೇಸಿನ ಕೆಲಸದಲ್ಲಿ 330 ವ್ಯಾಟಿನದ್ದೊಂದು ಉಳಿದಿತ್ತು. 'ತಗಂಡು ಹೋಗು ಮಾರಾಯ, ಇಲ್ಲಿ ಸುಮ್ನೆ ಜಾಗ ತಿಂತು' ಅಂದ. ಪಿಕಪ್ಪಿನಲ್ಲಿ ಅಡಿಕೆ ಚೀಲಗಳ ನಡುವೆ ಮಲಗಿಸಿಕೊಂಡು ತಂದೆ. ಮೂರು ಕಾಲದ, ಮೂರು ಅಳತೆಯ ಪ್ಯಾನೆಲ್‌ಗಳನ್ನು ಒಂದೇ ಬ್ಯಾಟರಿಗೆ ದುಡಿಸಲು ಹೋಗಿ ನಾನು ಮಾಡಿಕೊಂಡ ಎಡವಟ್ಟುಗಳನ್ನೂ ಕೊನೆಗೆ ಸರಿಹೋದ ಬಗೆಯನ್ನೂ ಇಲ್ಲಿ ಬರೆದಿದ್ದೇನೆ. ನಾನು ಎಂಜಿನಿಯರ್ ಅಲ್ಲ, ಅಡಿಕೆ ಬೆಳೆಯುವವನು.

ಮೊದಲ ನಾಲ್ಕು ಪ್ಯಾನೆಲ್ ಒಟ್ಟಿಗೆ ಹಾಕಿದಾಗ ಏನೂ ತೊಂದರೆ ಆಗಿರಲಿಲ್ಲ. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿದ್ದು, ಅಷ್ಟೇ. 12 ವೋಲ್ಟಿನ 150 ಆಂಪಿಯರ್ ಅವರ್ ಟ್ಯೂಬುಲರ್ ಬ್ಯಾಟರಿ, ಪ್ಯಾನೆಲ್‌ಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜ್ ಅತಿಯಾಗದಂತೆ ಕಾಯುವ ಒಂದು ಸಾದಾ ಪಿಡಬ್ಲ್ಯುಎಂ ಕಂಟ್ರೋಲರ್. 37 ಮತ್ತು 100 ಒಟ್ಟಿಗೆ ನಡೆಯುತ್ತಾ ಅಂತ ಆಗ ನಾನು ಯೋಚಿಸಲೂ ಇಲ್ಲ. ನಡೆಯಿತು. ಯಾಕೆ ನಡೆಯಿತು ಅಂತ ಗೊತ್ತಾಗಿದ್ದು ಒಂಬತ್ತು ವರ್ಷದ ನಂತರ. ಚಿಕ್ಕದಿರಲಿ ದೊಡ್ಡದಿರಲಿ, ಆ ನಾಲ್ಕರಲ್ಲೂ ಇದ್ದಿದ್ದು 36 ಬಿಲ್ಲೆ, ಅಂದರೆ ಬಿಸಿಲನ್ನು ಕರೆಂಟ್ ಮಾಡುವ ಸೆಲ್. ಬೇಕಿದ್ದರೆ ಪ್ಯಾನೆಲ್ ಮುಂದೆ ನಿಂತು ಚೌಕಾಬಾರದ ಮನೆ ಎಣಿಸಿದ ಹಾಗೆ ಎಣಿಸಿ: ನಾಲ್ಕು ಸಾಲು, ಸಾಲಿಗೆ ಒಂಬತ್ತು. ಬಿಲ್ಲೆಯ ಸಂಖ್ಯೆ ವೋಲ್ಟನ್ನು ಹೇಳುತ್ತೆ, ಬಿಲ್ಲೆಯ ಅಗಲ ಆಂಪಿಯರನ್ನು ಹೇಳುತ್ತೆ. 36 ಬಿಲ್ಲೆ ಅಂದರೆ ಕೆಲಸ ಮಾಡುವಾಗ ಸುಮಾರು 18 ವೋಲ್ಟ್, ಏನೂ ಜೋಡಿಸದೆ ಖಾಲಿ ಬಿಟ್ಟಾಗ 22ರ ಹತ್ತಿರ. ವೋಲ್ಟ್ ಒಂದೇ ಆಗಿದ್ದರಿಂದ ಆಂಪಿಯರ್ ಸುಮ್ಮನೆ ಕೂಡಿಕೊಂಡು ಹೋಗುತ್ತಿತ್ತು.

ಇದು ಗೊತ್ತಿಲ್ಲದೆ ಭಾವನ ಪ್ಯಾನೆಲ್ ಇಳಿಸಿದೆ. ಜನವರಿ ತಿಂಗಳ ಒಳ್ಳೆ ಬಿಸಿಲು. ಮೊದಲು ಇದೊಂದನ್ನೇ ಹಾಕಿ ನೋಡೋಣ ಅಂತ ಹಳೆಯ ನಾಲ್ಕನ್ನು ಬಿಚ್ಚಿ, ಅದೇ ಕಂಟ್ರೋಲರಿಗೆ ಇದರ ತಂತಿ ಸಿಕ್ಕಿಸಿದೆ. ಐದು ನಿಮಿಷ ಚೆನ್ನಾಗಿಯೇ ಇತ್ತು. ಆಮೇಲೆ ಒಳಗೆ ಟಪ್ ಅಂತ ಒಂದು ಶಬ್ದ, ಮೀನು ಸುಟ್ಟ ಹಾಗೆ ಒಂದು ವಾಸನೆ. ಅಡಿಗೆ ಮನೆಯಿಂದ ಆಯಿ 'ಎಂತ ಆತೋ?' ಅಂದರು. ಏನಾಯಿತು ಅಂತ ನನಗೂ ಗೊತ್ತಿರಲಿಲ್ಲ.

ಕಂಟ್ರೋಲರನ್ನು ತಿರುಗಿಸಿ ನೋಡಿದೆ. ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು, ಪ್ಯಾನೆಲ್ ಕಡೆಯಿಂದ 25 ವೋಲ್ಟ್ ಮೀರಬಾರದು. ನಾನು ತಂದ ಪ್ಯಾನೆಲ್‌ನಲ್ಲಿ ಬಿಲ್ಲೆ 72. ಖಾಲಿ ಬಿಟ್ಟಾಗ 46 ವೋಲ್ಟ್. ಬ್ಯಾಟರಿ ಎಳೆಯುತ್ತಿರುವಷ್ಟು ಹೊತ್ತು ವೋಲ್ಟ್ ಕೆಳಗೇ ಇತ್ತು. ಬ್ಯಾಟರಿ ತುಂಬಿ ಕಂಟ್ರೋಲರ್ ಬಾಗಿಲು ಹಾಕಿದ ಕೂಡಲೇ 46 ಅದರ ಎದೆಗೇ ಬಂತು. ಒಳಗಿನ ಕೆಪಾಸಿಟರ್ ಒಡೆದಿತ್ತು. ತಪ್ಪು ಕಂಟ್ರೋಲರಿನದ್ದಲ್ಲ, ಓದದ ನನ್ನದು.

ಒಡೆಯದೆ ಉಳಿದಿದ್ದರೂ ದೊಡ್ಡ ಲಾಭ ಇರಲಿಲ್ಲ ಬಿಡಿ. ಪಿಡಬ್ಲ್ಯುಎಂ ಅಂದರೆ ಪ್ಯಾನೆಲನ್ನು ನೇರವಾಗಿ ಬ್ಯಾಟರಿಗೆ ಕಟ್ಟಿದ ಹಾಗೆ. 37 ವೋಲ್ಟಿನಲ್ಲಿ ದುಡಿಯಬೇಕಾದ್ದನ್ನು 13ಕ್ಕೆ ಎಳೆದು ಕೂರಿಸುತ್ತೆ. ಆಂಪಿಯರ್ ಅದೇ 9. ಗುಣಿಸಿ ನೋಡಿ, 330ರಲ್ಲಿ 120 ವ್ಯಾಟೂ ಸಿಗುವುದಿಲ್ಲ.

ಬ್ಯಾಟರಿಗೂ ವಯಸ್ಸಾಗಿತ್ತು. ಆ್ಯಸಿಡ್ಡಿನ ಗಟ್ಟಿ ಅಳೆಯುವ ಹೈಡ್ರೋಮೀಟರ್ ಹಾಕಿದರೆ ಆರು ಕೋಶದಲ್ಲಿ ಒಂದು ಮೇಲೇಳುತ್ತಲೇ ಇರಲಿಲ್ಲ. ಹಳೆ ಬ್ಯಾಟರಿಗೆ ಹೊಸದನ್ನು ಜೋಡಿಸುವುದು ಮಾತ್ರ ಬೇಡವೇ ಬೇಡ ಅಂತ ಅದನ್ನು ಪಕ್ಕಕ್ಕಿಟ್ಟೆ. ಪ್ಯಾನೆಲ್‌ಗಳ ಬೆರಕೆಯನ್ನು ಸಹಿಸಬಹುದು, ಬ್ಯಾಟರಿಗಳ ಬೆರಕೆಯನ್ನು ಅಲ್ಲ. ಹೊಸದು ಎರಡು 150ರ ಟ್ಯೂಬುಲರ್ ತಂದು 24 ವೋಲ್ಟ್ ಮಾಡಿದೆ. ಜೊತೆಗೆ 100 ವೋಲ್ಟ್, 30 ಆಂಪಿಯರಿನ ಎಂಪಿಪಿಟಿ ಕಂಟ್ರೋಲರ್. ಇದು ಪ್ಯಾನೆಲನ್ನು ಅದರದ್ದೇ ವೋಲ್ಟಿನಲ್ಲಿ ದುಡಿಸಿ, ಹೆಚ್ಚಿನ ವೋಲ್ಟನ್ನು ಆಂಪಿಯರ್ ಮಾಡಿ ಬ್ಯಾಟರಿಗೆ ಕೊಡುತ್ತೆ. ಈ ಸಲ ಅಡಿಯ ಅಕ್ಷರವನ್ನು ಎರಡೆರಡು ಸಲ ಓದಿದೆ.

ಜೋಡಿಸುವ ಮೊದಲು ಒಂದು ಮಧ್ಯಾಹ್ನ ಪೂರ್ತಿ ಅಳೆಯಲಿಕ್ಕೇ ಕೂತೆ. ಹಳೇ ಪ್ಯಾನೆಲ್ ಬೆನ್ನಿನ ಚೀಟಿ ಮಳೆಗೆ ಬಿಳುಚಿಹೋಗಿತ್ತು. ಇನ್ನು ಚೀಟಿ ಹೇಳುವುದು ಹುಟ್ಟಿದ ದಿನದ ಲೆಕ್ಕ, ಇವತ್ತಿನದ್ದಲ್ಲ. ಒಂದೊಂದಕ್ಕೂ ಕಂಬಳಿ ಮುಚ್ಚಿ, ತಂತಿ ಬಿಚ್ಚಿ, ಕಂಬಳಿ ತೆಗೆದು ಮೀಟರ್ ಹಿಡಿದೆ. ಕಂಬಳಿ ಯಾಕೆ ಅಂದರೆ, ಬಿಸಿಲಲ್ಲಿ ಓಡುತ್ತಿರುವ ಡಿಸಿಯನ್ನು ಹಾಗೇ ಎಳೆದು ಬಿಚ್ಚಿದರೆ ನೀಲಿ ಕಿಡಿ ಉದ್ದಕ್ಕೆ ಹಿಡಿದುಕೊಳ್ಳುತ್ತೆ. ಆಂಪಿಯರ್ ನೋಡಲು ಕ್ಲ್ಯಾಂಪ್ ಮೀಟರ್ ತಗೊಳ್ಳುವವರು ಡಿಸಿ ಅಳೆಯುವಂಥದ್ದೇ ಕೇಳಿ ತಗೊಳ್ಳಿ, ಅಗ್ಗದವು ಹೆಚ್ಚಾಗಿ ಎಸಿ ಮಾತ್ರ ನೋಡುತ್ತವೆ. ನನಗೆ ಸಿಕ್ಕಿದ್ದು ಹೀಗೆ. ನೂರರವು ಎರಡೂ ಖಾಲಿಯಲ್ಲಿ 20.5 ವೋಲ್ಟಿನ ಆಸುಪಾಸು, ಶಾರ್ಟ್ ಮಾಡಿದರೆ 5.6 ಮತ್ತು 5.4 ಆಂಪಿಯರ್. ದೊಡ್ಡದು 43.5 ವೋಲ್ಟ್, 9 ಆಂಪಿಯರ್. 37ರವು 19.6 ವೋಲ್ಟ್, 1.9 ಮತ್ತು 1.6. ವೋಲ್ಟ್ ಚೀಟಿಗಿಂತ ಕಡಿಮೆ ಬಂತು ಅಂತ ಹೆದರಬೇಡಿ. ಚೀಟಿಯ ಲೆಕ್ಕ 25 ಡಿಗ್ರಿಯದ್ದು, ಬಿಸಿಲಲ್ಲಿ ಕಾದ ಪ್ಯಾನೆಲ್ 50 ದಾಟಿರುತ್ತೆ. ಡಿಗ್ರಿ ಏರಿದ ಹಾಗೆ ವೋಲ್ಟ್ ಇಳಿಯುತ್ತೆ.

ಆಮೇಲೆ ಎರಡನೇ ತಪ್ಪು. ಪೇಟೆಯಲ್ಲಿ ಒಬ್ಬರು 'ಎಂಪಿಪಿಟಿ ಇದೆಯಲ್ಲ, ಎಲ್ಲಾ ಸೀರೀಸ್ ಹೊಡೀರಿ, ಅದೇ ನೋಡ್ಕೊಳ್ತದೆ' ಅಂದರು. ಅದರಂತೆ 330ರ ಹಿಂದೆ ನೂರರ ಎರಡನ್ನೂ ಸಾಲಾಗಿ, ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಕಟ್ಟಿದೆ. 25 ಡಿಗ್ರಿಯ ಲೆಕ್ಕದಲ್ಲಿ ಎಲ್ಲ ಸೇರಿ ಖಾಲಿ ವೋಲ್ಟ್ 90, ನಮ್ಮ ಡಿಸೆಂಬರ್ ಬೆಳಗಿನ ಚಳಿಗೆ ನಾಲ್ಕು ಏರಿದರೂ ಕಂಟ್ರೋಲರಿನ 100 ವೋಲ್ಟಿನ ಒಳಗೆ. ಮಧ್ಯಾಹ್ನ ಹನ್ನೆರಡೂವರೆಗೆ ಬ್ಯಾಟರಿಗೆ 12.3 ಆಂಪಿಯರ್ ಹೋಗುತ್ತಿತ್ತು. ಖುಷಿಯಾಯಿತು. ಆದರೆ ಲೆಕ್ಕ ಹಾಕಿದರೆ ಏನೋ ಕಡಿಮೆ. ದೊಡ್ಡದೊಂದನ್ನೇ ಹಾಕಿದಾಗಲೇ 9.4 ಬಂದಿತ್ತು. ಇನ್ನೂರು ವ್ಯಾಟ್ ಸೇರಿಸಿ ಬರೀ ಮೂರು ಆಂಪಿಯರಾ?

ಇದಕ್ಕೆ ಉತ್ತರ ಹೊಳೆದಿದ್ದು ನಮ್ಮ ಅಬ್ಬಿ ನೀರಿನ ಪೈಪ್ ನೋಡುತ್ತಾ. ಗುಡ್ಡದಿಂದ ಒಂದಿಂಚಿನ ಪೈಪು ಬರುತ್ತೆ, ನಡುವೆ ಎಲ್ಲೋ ಅರ್ಧ ಇಂಚಿನ ತುಂಡು ಸೇರಿಸಿದರೆ ಮನೆಗೆ ಬರುವುದು ಅರ್ಧ ಇಂಚಿನಷ್ಟೇ ನೀರು. ಸೀರೀಸ್ ಅಂದರೆ ಹಾಗೆ. ನೂರರದ್ದು ಐದು ಆಂಪಿಯರ್ ಬಿಟ್ಟರೆ ಒಂಬತ್ತರದ್ದೂ ಐದಕ್ಕೇ ನಿಲ್ಲಬೇಕು. ಪ್ಯಾರಲಲ್, ಅಂದರೆ ಮೊದಲಿನಂತೆ ಪ್ಲಸ್ಸಿಗೆ ಪ್ಲಸ್ ಸೇರಿಸುವುದು, ಎರಡು ಅಬ್ಬಿಯ ನೀರನ್ನು ಒಂದೇ ತೊಟ್ಟಿಗೆ ಕೂಡಿಸಿದ ಹಾಗೆ. ಅಲ್ಲಿ ಪೈಪಿನ ದಪ್ಪ ಬೇರೆ ಇದ್ದರೆ ತೊಂದರೆ ಇಲ್ಲ, ಎರಡೂ ಒಂದೇ ಎತ್ತರದಿಂದ ಇಳಿಯಬೇಕು. ಒಂದು ತಗ್ಗಿನಲ್ಲಿದ್ದರೆ ಅದರ ನೀರು ಸೇರುವುದಿಲ್ಲ. ನೂರರದ್ದೊಂದನ್ನೇ 330ರ ಪಕ್ಕ ಪ್ಯಾರಲಲ್ ಕಟ್ಟಿದರೆ ಹಾಗೇ ಆಗುತ್ತೆ, 18 ವೋಲ್ಟಿನದ್ದು 37 ವೋಲ್ಟಿನದ್ದಕ್ಕೆ ನೀರು ಏರಿಸಲಾರದು.

ಹಾಗಾದರೆ ತಗ್ಗಿನ ಎರಡನ್ನು ಒಂದರ ಮೇಲೊಂದು ನಿಲ್ಲಿಸಿದರೆ? 18 ಮತ್ತು 18, 36. ಪಕ್ಕದಲ್ಲಿ 37.5. ಒಂದೇ ಎತ್ತರ ಅಂತಲೇ ಹೇಳಬಹುದು. ಬಿಲ್ಲೆ ಎಣಿಸಿದರೂ ಅದೇ, 36 ಮತ್ತು 36 ಸೇರಿ 72. ನೂರರ ಎರಡನ್ನು ತಮ್ಮತಮ್ಮಲ್ಲಿ ಸೀರೀಸ್ ಕಟ್ಟಿ, ಆ ಜೋಡಿಯನ್ನು 330ಕ್ಕೆ ಪ್ಯಾರಲಲ್ ಸೇರಿಸಿದೆ. ಮಾರನೇ ದಿನ ಅದೇ ಹೊತ್ತು, ಅದೇ ಬಿಸಿಲು. ಕ್ಲ್ಯಾಂಪ್ ಹಿಡಿದರೆ ದೊಡ್ಡದರಿಂದ 8.2, ಜೋಡಿಯಿಂದ 5, ಬ್ಯಾಟರಿಗೆ 15 ಆಂಪಿಯರ್. 150ರ ಟ್ಯೂಬುಲರನ್ನು ಚಾರ್ಜ್ ಮಾಡಲು ಹೇಳುವುದು ಅದರ ಹತ್ತರಲ್ಲಿ ಒಂದು ಪಾಲು ಆಂಪಿಯರ್, ಅಂದರೆ ಅದೇ 15. ಹೊಸ ಸಾಮಾನು ಒಂದೂ ಇಲ್ಲ, ತಂತಿ ತಿರುಗಿಸಿ ಹಾಕಿದ್ದಷ್ಟೇ.

ಈಗ ಯಾರಾದರೂ ಕೇಳಬಹುದು. ಬ್ಯಾಟರಿಗೂ ಪ್ಯಾನೆಲ್‌ಗೂ ವೋಲ್ಟ್ ಇಷ್ಟು ಹತ್ತಿರ ಬಂದ ಮೇಲೆ 24 ವೋಲ್ಟಿನ ಪಿಡಬ್ಲ್ಯುಎಂ ಸಾಕಿತ್ತಲ್ಲ? ನಿಜ ಹೇಳಬೇಕೆಂದರೆ ಹೆಚ್ಚುಕಮ್ಮಿ ಸಾಕಿತ್ತು. ಬೇಸಿಗೆ ಮಧ್ಯಾಹ್ನ ಎರಡು ಆಂಪಿಯರ್ ಕಡಿಮೆ ಬರುತ್ತಿತ್ತು, ಅಷ್ಟೇ. ಮುಂದೆ ಬೇರೆ ಅಳತೆಯದ್ದು ಬಂದರೂ ಇರಲಿ ಅಂತ ನಾನು ಎಂಪಿಪಿಟಿಗೆ ದುಡ್ಡು ಹಾಕಿದೆ. ಕೈ ಬಿಗಿ ಇರುವವರು ಹಾಕಲೇಬೇಕು ಅಂತಿಲ್ಲ.

ನೆರಳಿನ ವಿಷಯ ಮಾತ್ರ ಬಿಡುವ ಹಾಗಿಲ್ಲ. ನಮ್ಮ ಅಂಗಳದ ಮೂಡಲಿಗೆ ಅಡಿಕೆ ಮರದ ಸಾಲು, ಪಡುವಲಿಗೆ ಹಲಸಿನ ಮರ. ಒಂದು ದಿನ ಬೇಕಂತಲೇ ಒಂದು ಅಡಿಕೆ ಹಾಳೆ ತಗೊಂಡು ಜೋಡಿಯ ಒಂದು ಪ್ಯಾನೆಲ್ ಮೇಲೆ ಅಡ್ಡ ಹಿಡಿದೆ. ಬೆನ್ನಿನ ಡಬ್ಬಿಯಲ್ಲಿ ನೆರಳಿನ ಭಾಗವನ್ನು ಬಿಟ್ಟು ಪಕ್ಕದಿಂದ ಕರೆಂಟ್ ಹಾಯಿಸುವ ಬೈಪಾಸ್ ಡಯೋಡ್ ಇರುತ್ತಲ್ಲ, ಒಂದಕ್ಕೆ ನೆರಳು ಬಿದ್ದರೆ ಇನ್ನೊಂದಾದರೂ ದುಡಿಯುತ್ತೆ ಅಂತ ನನ್ನ ಅಂದಾಜು. ನಡು ಭಾಗಕ್ಕೆ ಸರಿಸುತ್ತಿದ್ದ ಹಾಗೆ ಜೋಡಿಯ 5 ಆಂಪಿಯರ್ ಸೊನ್ನೆಗೆ ಬಂತು. ಡಯೋಡ್ ದಾರಿ ಬಿಟ್ಟಿದ್ದು ಹೌದು. ಆದರೆ ಉಳಿದ ಒಂದರ ವೋಲ್ಟ್ ಬರೀ 18. ಪಕ್ಕದ ದೊಡ್ಡದು 33ರಲ್ಲಿ ಓಡುತ್ತಿರುವಾಗ ಅದು ಸೇರುವುದು ಎಲ್ಲಿಂದ? ದೊಡ್ಡದರ 8.2 ಅಲುಗಲಿಲ್ಲ. ಅಂದರೆ ಜೋಡಿಯಲ್ಲಿ ಒಂದು ಮಲಗಿದರೆ ಎರಡೂ ಮಲಗಿದ ಹಾಗೆ. ಮಾರನೇ ವಾರ ನೂರರ ಜೋಡಿಯನ್ನು ಅಂಗಳದ ನಡುವಿನ ಅಡಿಕೆ ಚಪ್ಪರದ ಕಂಬಕ್ಕೆ ಸಾಗಿಸಿದೆ, ಎರಡಕ್ಕೂ ಒಂದೇ ಮುಖ, ಒಂದೇ ಓರೆ. ದೊಡ್ಡದು ಮನೆಯ ಹಂಚಿನ ಮೇಲೆ ಸ್ವಲ್ಪ ಪಡುವಲಿಗೆ ತಿರುಗಿ ಕೂತಿದೆ. ಪ್ಯಾರಲಲ್‌ನಲ್ಲಿ ಇರುವವು ಬೇರೆ ಬೇರೆ ದಿಕ್ಕಿಗೆ ನೋಡಿದರೂ ನಡೆಯುತ್ತೆ. ಬಿಸಿಲು ಕಡಿಮೆಯಾದರೆ ಆಂಪಿಯರ್ ಇಳಿಯುತ್ತೆ, ವೋಲ್ಟ್ ಅಷ್ಟಾಗಿ ಇಳಿಯಲ್ಲ.

ಒಂದೊಂದು ಸಾಲಿಗೂ ಫ್ಯೂಸ್ ಹಾಕಿದ್ದೇನೆ, ಜೋಡಿಗೆ 10 ಆಂಪಿಯರ್, ದೊಡ್ಡದಕ್ಕೆ 15. ಎರಡೇ ಸಾಲಿದ್ದಾಗ ನೂರರ ಜೋಡಿ ಕೆಟ್ಟರೂ ಅದರೊಳಕ್ಕೆ ನುಗ್ಗುವುದು ದೊಡ್ಡದರ 9 ಆಂಪಿಯರ್ ಮಾತ್ರ. ಮೂರನೇ ಸಾಲು ಸೇರಿದರೆ ಫ್ಯೂಸ್ ಇಲ್ಲದೆ ಆಗದು. ಮನೆ ಬೋರ್ಡಿನ ಎಸಿ ಎಂಸಿಬಿ (ಟ್ರಿಪ್ ಆಗುವ ಸ್ವಿಚ್) ತಂದು ಇಲ್ಲಿ ಹಾಕಬೇಡಿ, ಡಿಸಿಯದ್ದೇ ಬೇಕು.

37ರ ಎರಡನ್ನು ಮೂರನೇ ಸಾಲಾಗಿ ಸೇರಿಸಿಯೂ ನೋಡಿದೆ. ವಯಸ್ಸಾಗಿ ವೋಲ್ಟ್ ತಗ್ಗಿದ್ದರಿಂದ ಸಿಕ್ಕಿದ್ದು ಒಂದು ಆಂಪಿಯರ್. ಅಷ್ಟಕ್ಕೆ ಇನ್ನೊಂದು ಫ್ಯೂಸ್, ಇನ್ನೊಂದು ಜೋಡಣೆ ಯಾಕೆ ಅಂತ ತೆಗೆದೆ. ಈಗ ಅವು ಚಿಕ್ಕ 12 ವೋಲ್ಟಿನ ಕಂಟ್ರೋಲರ್ ಮತ್ತು ಆ ಹಳೆ ಬ್ಯಾಟರಿ ಜೊತೆ ಕೊಟ್ಟಿಗೆಯಲ್ಲಿವೆ. ಬೆಳಗಿನ ಜಾವ ಹಾಲು ಕರೆಯುವಾಗ ಒಂದು ದೀಪ ಉರಿಯುತ್ತೆ, ಅಷ್ಟಕ್ಕೆ ಆ ಬ್ಯಾಟರಿಯೂ ಸಾಕು.

ಜುಲೈ ತಿಂಗಳ ಲೆಕ್ಕ ಬೇರೆ. ಮಧ್ಯಾಹ್ನಕ್ಕೂ ಎರಡು ಆಂಪಿಯರ್ ಬಂದರೆ ಪುಣ್ಯ. ಪ್ಯಾನೆಲ್‌ನ ಕೆಳಗಿನ ಅಂಚಿನಲ್ಲಿ ಪಾಚಿ ಕಟ್ಟುತ್ತೆ, ಹದಿನೈದು ದಿನಕ್ಕೊಮ್ಮೆ ಬಟ್ಟೆ ಹಾಕಿ ಉಜ್ಜಬೇಕು. ಆಗ ಮಿಕ್ಸಿ ಬಂದ್, ಆಯಿ ಒರಳಿಗೆ ಕೂರುತ್ತಾರೆ.

ಮೊನ್ನೆ ಭಾವ ಫೋನ್ ಮಾಡಿದ. ಅವನ ಹಳ್ಳಿ ಮನೆಗೆ 540 ವ್ಯಾಟಿನ ಹೊಸ ಪ್ಯಾನೆಲ್ ತಗೊಂಡಿದ್ದಾನಂತೆ, ಅಲ್ಲಿ ಮೊದಲೇ ಒಂದು ಹಳೇದಿದೆ, ಜೋಡಿಸಬಹುದಾ ಅಂತ. 540ರಲ್ಲಿ ಎಣಿಸಿದರೆ 144 ಮನೆ ಇರುತ್ತೆ, ಅವು ಅರ್ಧರ್ಧ ತುಂಡು, ವೋಲ್ಟ್ 72ರದ್ದೇ, 41ರ ಹತ್ತಿರ. 'ಹಳೇದರ ಬೆನ್ನಿನ ಚೀಟಿ ಫೋಟೋ ಹಾಕು' ಅಂದೆ. ಅವನು ಹಾಕಿದ್ದು ಮುಂಭಾಗದ ಫೋಟೋ, ಪಕ್ಕದಲ್ಲಿ ನಿಂತು ನಗುತ್ತಾ ಇದ್ದಾನೆ. ದೊಡ್ಡದು ಮಾಡಿಕೊಂಡು ಎಣಿಸಿದೆ. ನಾಲ್ಕು ಸಾಲು, ಒಂಬತ್ತೊಂಬತ್ತು.

'ಇದೇ ಥರದ್ದು ಇನ್ನೊಂದು ಎಲ್ಲಾದರೂ ಸಿಕ್ತಾ ನೋಡು ಭಾವ' ಅಂತ ಬರೆದು ಹಾಕಿದ್ದೇನೆ.